ಸಂಘದ ಹಳೆಯ ಟಿ.ವಿ. ದುರಸ್ತಿಯಾದ ಬಗೆ

ಕಳೆದ ಲೆಕ್ಕತಪಾಸಣೆಯ ಕಾಲದಲ್ಲಿ ಸಂಘದ ಡೆಡ್‌ಸ್ಟಾಕ್ ರಿಜಿಸ್ಟರನ್ನು ಒಂದೊಂದೇ ಬಾಬ್ತು ಓದುತ್ತ ಬಂದಾಗ, ತಕ್ಕಡಿ, ತೂಕದ ಕಲ್ಲು, ಕಬ್ಬಿಣದ ತಿಜೋರಿಗಳ ಕೆಳಗೆ, 'ಟೆಲಿವಿಷನ್ ಸೆಟ್ ಒಂದು, 20 ಅಂಗುಲ, ಕಪ್ಪು-ಬಿಳುಪು, ಮರದ ಪೆಟ್ಟಿಗೆ, ಖರೀದಿ 1987' ಎಂಬ ನಮೂದು ಸಿಕ್ಕಿತು. ಎದುರಿಗೆ 2003ರ ಷರಾ: 'ಕೆಟ್ಟಿದೆ.' ವಸ್ತು ಇದೆಯೇ ಎಂದು ತಪಾಸಣಾಧಿಕಾರಿಗಳು ಕೇಳಿದರು. ಇದೆ ಎಂದು ಹೇಳಿ ಗೋದಾಮಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕುಳಿತಿದ್ದ ಪೆಟ್ಟಿಗೆಯನ್ನು ತೋರಿಸಿದೆ. ಒಂದೋ ದುರಸ್ತಿ ಮಾಡಿಸಿ, ಇಲ್ಲವೇ ನಿಯಮದಂತೆ ವಿಲೇವಾರಿ ಮಾಡಿ ರಿಜಿಸ್ಟರಿನಿಂದ ತೆಗೆಯಿರಿ ಎಂದು ಬರೆದು ಹೋದರು.

ವಿಷಯ ಆಡಳಿತ ಮಂಡಳಿಯ ಮುಂದೆ ಬಂತು. ಗುಜರಿಯವನು 150 ರೂಪಾಯಿ ಕೊಡುತ್ತೇನೆಂದಿದ್ದ. ಪೇಟೆಯ ಒಂದು ರಿಪೇರಿ ಅಂಗಡಿಯವರು, ಇಂಥ ಸೆಟ್ಟಿನ ಹಿಂಬಾಗಿಲು ತೆಗೆದು ಹದಿನೈದು ವರ್ಷವಾಯಿತು, ನಮ್ಮಿಂದಾಗದು ಎಂದು ಪ್ರಾಮಾಣಿಕವಾಗಿ ಹೇಳಿ ಕಳಿಸಿದರು. ನಾನು ಒಂದು ತಿಂಗಳ ಅವಕಾಶ ಕೇಳಿದೆ. ಸ್ವಂತ ಖರ್ಚಿನಲ್ಲಿ ಮನೆಗೆ ಒಯ್ದು ನೋಡುವುದು, ಆದರೆ ಸಂಘಕ್ಕೆ ವಾಪಸು, ಆಗದಿದ್ದರೆ ಮರುಬಳಕೆಯವರಿಗೆ. ಹಾಗೆಂದೇ ಠರಾವಾಯಿತು. ಕಾರ್ಯದರ್ಶಿಗೆ ಮಳೆಗಾಲದಲ್ಲಿ ಬೇರೆ ಕೆಲಸವಿಲ್ಲವೇ ಎಂದು ಒಬ್ಬ ನಿರ್ದೇಶಕರು ಕೇಳಿದ್ದು ಮಾತ್ರ ನಡಾವಳಿಯಲ್ಲಿ ದಾಖಲಾಗಿಲ್ಲ.

ಆ ಒಂದು ತಿಂಗಳ ಅನುಭವವನ್ನು ಬರೆಯಬೇಕೆಂದು ಕೆಲವು ಸದಸ್ಯರು ಕೇಳಿದ್ದರಿಂದ ಈ ಲೇಖನ. ನಮ್ಮ ಪೈಕಿ ಅನೇಕರ ಅಟ್ಟದ ಮೇಲೆ ಇಂಥ ಪೆಟ್ಟಿಗೆ ಈಗಲೂ ಇದೆ. ಅದನ್ನು ತೆರೆಯಬೇಕೆಂಬ ಆಸೆ ಹುಟ್ಟುವುದು ಸಹಜ, ವಿಶೇಷವಾಗಿ ಪಂಪ್‌ಸೆಟ್ಟಿನ ಸ್ಟಾರ್ಟರ್, ಸ್ಪ್ರೇಯರ್ ಇತ್ಯಾದಿಗಳನ್ನು ಸ್ವತಃ ಬಿಚ್ಚಿ ಕಟ್ಟುವ ನಮ್ಮಂಥವರಿಗೆ. ಆದರೆ ಈ ಯಂತ್ರ ಸ್ಟಾರ್ಟರಿನಂತಲ್ಲ. ಪ್ಲಗ್ ಕಿತ್ತ ಮೇಲೂ ಇದರೊಳಗೆ ವಿದ್ಯುತ್ತು ಉಳಿದಿರುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ.

1989ರ ಬೇಸಿಗೆಯಲ್ಲಿ ಶಿವಮೊಗ್ಗದಲ್ಲಿ ಬಿ.ಎಸ್ಸಿ. ಮುಗಿಸಿ ಊರಿಗೆ ಬಂದಿದ್ದೆ. ಫಿಸಿಕ್ಸ್ ಓದಿದ್ದೇನೆಂಬ ಹೆಮ್ಮೆ. ನಮ್ಮ ಮನೆಗೆ ಅಪ್ಪ ಅದರ ಹಿಂದಿನ ವರ್ಷ ಅಡಿಕೆ ಮಾರಿದ ಹಣದಲ್ಲಿ ಮೂರು ಸಾವಿರ ಚಿಲ್ಲರೆ ಕೊಟ್ಟು ಒಂದು ಕಪ್ಪು-ಬಿಳುಪು ಟಿ.ವಿ. ತಂದಿದ್ದರು. ಸೊರಗಿದ ಎರಡು ಅಡಿಕೆ ಮರ ಕಡಿದು ಒಂದಕ್ಕೊಂದು ಕಟ್ಟಿ, ಮನೆ ಹಿಂದಿನ ಗುಡ್ಡದ ನೆತ್ತಿಯಲ್ಲಿ ನೆಟ್ಟು, ತುದಿಗೆ ಆಂಟೆನಾ ಬಿಗಿದು, ಅಲ್ಲಿಂದ ಮನೆಯವರೆಗೆ ಚಪ್ಪಟೆ ತಂತಿ ಎಳೆದಿದ್ದೆವು. ಗಾಳಿ ಬಂದರೆ ಒಬ್ಬ ಗುಡ್ಡ ಹತ್ತುವುದು, ಇನ್ನೊಬ್ಬ ಅಂಗಳದಲ್ಲಿ ನಿಂತು ಬಂತು, ಹೋಯ್ತು ಎಂದು ಕೂಗುವುದು. ಈ ಸಂಪ್ರದಾಯ ನಮ್ಮ ಕಡೆ ಯಾರಿಗೂ ಹೊಸದಲ್ಲ. ಆಗ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಮಹಾಭಾರತ ಬರುತ್ತಿತ್ತು. ಒಂದು ಶನಿವಾರ ಸಂಜೆ ಚಿತ್ರ ಎರಡೂ ಬದಿಯಿಂದ ಕುಗ್ಗಿತು. ಬೆಳಗಾಗುವುದರೊಳಗೆ ಸರಿಮಾಡಿಬಿಡುತ್ತೇನೆಂದು ಹಿಂದಿನ ಮುಚ್ಚಳ ತೆಗೆದೆ. ಪ್ಲಗ್ ಕಿತ್ತಿದ್ದೆನಾದ್ದರಿಂದ ಭಯವೇನೆಂದು ಒಂದು ಕೈಯಿಂದ ಚಾಸಿಸ್ ಹಿಡಿದು, ಇನ್ನೊಂದು ಕೈಯಿಂದ ಪಿಕ್ಚರ್ ಟ್ಯೂಬಿನ ಮೇಲಿನ ರಬ್ಬರ್ ಟೊಪ್ಪಿಯನ್ನು ಎತ್ತಿದೆ.

ಹೊಡೆತದ ವರ್ಣನೆ ಬೇಡ. ಕೈ ತಾನಾಗಿ ಹಿಂದಕ್ಕೆ ಎಗರಿತು. ಎಗರಿದ ಮೊಣಕೈ ಟ್ಯೂಬಿನ ಕುತ್ತಿಗೆಗೆ ಬಡಿಯಿತು. ಪಿಕ್ಚರ್ ಟ್ಯೂಬಿನ ಕುತ್ತಿಗೆ ನಮ್ಮ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ತೆಳುವಾದ ಗಾಜು. 'ಸ್ಸ್' ಎಂದು ಗಾಳಿ ಒಳಗೆ ನುಗ್ಗಿದ ಶಬ್ದ ಕೇಳಿಸಿತು. ಅಷ್ಟೇ. ಟ್ಯೂಬು ಮುಗಿಯಿತು. ಅಡುಗೆಮನೆಯಿಂದ ಅಪ್ಪ ಬಂದು ನೋಡಿ, "ನಿನಗೇನೂ ಆಗಲಿಲ್ಲವಷ್ಟೆ?" ಎಂದು ಕೇಳಿದರು. ಬೇರೇನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಶರ್ಟು ಹಾಕಿಕೊಂಡು, ಒಂದೂವರೆ ಮೈಲಿ ನಡೆದು ಸಂಘದ ಹಾಲಿಗೆ ಹೋಗಿ ಮಹಾಭಾರತ ನೋಡಿ ಬಂದರು. 1990ರ ಜೂನ್‌ನಲ್ಲಿ ಆ ಧಾರಾವಾಹಿ ಮುಗಿಯುವವರೆಗೂ ಪ್ರತಿ ಭಾನುವಾರ ಹಾಗೆಯೇ ಹೋದರು. ಮನೆಗೆ ಇನ್ನೊಂದು ಟ್ಯೂಬು ಹಾಕಿಸುವ ಮಾತನ್ನು ಅವರೂ ಎತ್ತಲಿಲ್ಲ, ನನಗೂ ಧೈರ್ಯವಾಗಲಿಲ್ಲ. ಆಮೇಲೆಯೂ ಅವರು ತೀರಿಕೊಂಡ 1998ರವರೆಗೆ ಸಂಜೆ ಹೊತ್ತು ಹಾಲಿಗೆ ಹೋಗಿ ಕೂರುವ ಅಭ್ಯಾಸ ಉಳಿದುಕೊಂಡಿತ್ತು. ಅವರು ಕೂತು ನೋಡುತ್ತಿದ್ದ ಪೆಟ್ಟಿಗೆಯೇ ಈ ರಿಜಿಸ್ಟರಿನದು. ಠರಾವಿನ ಸಮಯದಲ್ಲಿ ಈ ಕಾರಣವನ್ನು ನಾನು ಹೇಳಿರಲಿಲ್ಲ.

ತೆರೆಯುವ ಮೊದಲು

ಟ್ಯೂಬಿನ ಒಳಗೋಡೆಗೂ ಹೊರಗೋಡೆಗೂ ಕಪ್ಪು ಲೇಪ ಬಳಿದಿರುತ್ತಾರೆ. ನಡುವೆ ಗಾಜು. ಎರಡು ಲೋಹದ ತಗಡಿನ ನಡುವೆ ಒಂದು ತಡೆ ಇಟ್ಟರೆ ಅದು ಕೆಪಾಸಿಟರ್ ಆಗುತ್ತದೆ. ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿರುವ ಕಂಡೆನ್ಸರನ್ನು ನೀವು ಬಲ್ಲಿರಿ, ತತ್ವ ಅದೇ. ಹೀಗೆ ಇಡೀ ಪಿಕ್ಚರ್ ಟ್ಯೂಬೇ ಒಂದು ದೊಡ್ಡ ಕಂಡೆನ್ಸರ್. ಕಪ್ಪು-ಬಿಳುಪು ಸೆಟ್ಟಿನಲ್ಲಿ ಅದಕ್ಕೆ 15,000 ವೋಲ್ಟಿನ ಆಸುಪಾಸು, ದೊಡ್ಡ ಬಣ್ಣದ ಸೆಟ್ಟಿನಲ್ಲಿ 25,000 ವೋಲ್ಟಿನಷ್ಟು ಒತ್ತಡ ತುಂಬಿರುತ್ತದೆ. ಸ್ವಿಚ್ ಆರಿಸಿದರೂ ಅದು ಇಳಿದುಹೋಗಲು ದಾರಿ ಇಲ್ಲದಿದ್ದರೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಉಳಿಯಬಹುದು.

ಇಳಿಸುವ ಕ್ರಮ ಹೀಗೆ. ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಡಬೇಕು. ಒಳ್ಳೆಯ ಹಿಡಿಯ ಉದ್ದನೆಯ ಸ್ಕ್ರೂಡ್ರೈವರಿನ ಕಬ್ಬಿಣಕ್ಕೆ ಒಂದು ತಂತಿ ಬಿಗಿದು, ತಂತಿಯ ಇನ್ನೊಂದು ತುದಿಯನ್ನು ಟ್ಯೂಬಿನ ಹಿಂಬದಿಗೆ ಅಡ್ಡಲಾಗಿ ಹಾದುಹೋಗಿರುವ ಹೆಣೆದ ಬರಿತಂತಿಗೆ ಕಚ್ಚಿಸಬೇಕು. ಬೋರ್ಡಿನ ಎಲ್ಲೋ ಒಂದು ಕಡೆಗಲ್ಲ. ಆಮೇಲೆ ಒಂದು ಕೈಯನ್ನು ಬೆನ್ನ ಹಿಂದಿಟ್ಟುಕೊಂಡು, ಇನ್ನೊಂದು ಕೈಯಿಂದ ಸ್ಕ್ರೂಡ್ರೈವರಿನ ತುದಿಯನ್ನು ರಬ್ಬರ್ ಟೊಪ್ಪಿಯ ಅಡಿಗೆ ನಿಧಾನವಾಗಿ ತೂರಿಸಬೇಕು. ಚಟ್ ಎಂದರೆ ಇಳಿಯಿತು. ಐದು ನಿಮಿಷ ಬಿಟ್ಟು ಮತ್ತೆ ಮುಟ್ಟಿಸಿ, ಏಕೆಂದರೆ ಗಾಜಿನಲ್ಲಿ ಹುದುಗಿದ್ದ ಸ್ವಲ್ಪ ಭಾಗ ಪುನಃ ಮೇಲೆ ಬರುತ್ತದೆ. ಎರಡು ಕೈಗಳೂ ಒಮ್ಮೆಗೇ ಸೆಟ್ಟಿನೊಳಗೆ ಇರಬಾರದು. ಎರಡೂ ಕೈ ಇದ್ದರೆ ವಿದ್ಯುತ್ತು ಹಾದುಹೋಗುವ ದಾರಿ ಎದೆಯ ಮೂಲಕ. 1989ರಲ್ಲಿ ನನ್ನ ಎರಡೂ ಕೈ ಒಳಗಿದ್ದವು.

ಇನ್ನೊಂದು ಸಂಗತಿ ಅಷ್ಟೇ ಮುಖ್ಯವಾದರೂ ಬಹಳ ಮೆಕ್ಯಾನಿಕ್ಕುಗಳೇ ಹೇಳುವುದಿಲ್ಲ. ಆ ಕಾಲದ ಅನೇಕ ಸೆಟ್ಟುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಗೋಡೆಯ 230 ವೋಲ್ಟು ನೇರವಾಗಿ ಡಯೋಡಿಗೆ ಹೋಗಿ, 300 ವೋಲ್ಟಿಗೂ ಮೇಲ್ಪಟ್ಟ ಡಿ.ಸಿ. ಆಗುತ್ತದೆ. ಚಾಸಿಸ್ ಕರೆಂಟಿನ ಒಂದು ತಂತಿಗೆ ನೇರ ಜೋಡಣೆಯಾಗಿರುತ್ತದೆ. ಒಂದೇ ಡಯೋಡಿನ ಸೆಟ್ಟಿನಲ್ಲಿ ಪ್ಲಗ್ ತಿರುಗಿಸಿ ಹಾಕಿದರೆ ಚಾಸಿಸ್ ಪೂರ್ತಿ ಫೇಸ್. ನಾಲ್ಕು ಡಯೋಡಿನ ಸೆಟ್ಟಿನಲ್ಲಿ ಪ್ಲಗ್ ಹೇಗೆ ಹಾಕಿದರೂ ಅದು ಜೀವಂತವೇ. ಆದ್ದರಿಂದ ಚಾಲೂ ಇರುವ ಸೆಟ್ಟಿನ ಒಳಗೆ ಕೈ ಹಾಕುವ ಕೆಲಸವನ್ನು ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮಾಡಬಾರದು. ನನ್ನಲ್ಲಿ ಅದು ಇರಲಿಲ್ಲವಾದ್ದರಿಂದ, ಚಾಲೂ ಇದ್ದಾಗ ನೋಡುವುದು, ಕೇಳುವುದು, ವಾಸನೆ ಹಿಡಿಯುವುದು ಮಾತ್ರ, ಮುಟ್ಟುವುದೆಲ್ಲ ಆರಿಸಿ ಇಳಿಸಿದ ಮೇಲೆ ಎಂದು ನಿಯಮ ಹಾಕಿಕೊಂಡೆ. ಕೆಲಸ ನಿಧಾನವಾಯಿತು. ಮಳೆಗಾಲವಾದ್ದರಿಂದ ನಷ್ಟವೇನಿರಲಿಲ್ಲ.

ಮನೆಯವಳಿಗೆ ಒಂದು ಮಾತು ಹೇಳಿಟ್ಟಿದ್ದೆ: ನಾನು ಸೆಟ್ಟಿಗೆ ಅಂಟಿಕೊಂಡಿದ್ದು ಕಂಡರೆ ನನ್ನನ್ನು ಮುಟ್ಟಬೇಡ, ಗೋಡೆಯ ಮೈನ್ ಎಳೆ. ಅವಳು, ಅಷ್ಟು ಭಯವಿದ್ದರೆ ಇದೆಲ್ಲ ಯಾಕೆ ಎಂದಳು. ಉತ್ತರ ಹೇಳಲು ಹೊರಟರೆ ಕತೆ ಉದ್ದವಾಗುತ್ತಿತ್ತು.

ಒಳಗೆ ಕಂಡದ್ದು

ಬೋರ್ಡೋ ಎರಡನೆಯ ಸುತ್ತು ಮುಗಿದ ಮೇಲೆ, ಆಗಸ್ಟ್ ತಿಂಗಳಲ್ಲಿ ಮುಚ್ಚಳ ತೆಗೆದೆ. ಇಪ್ಪತ್ತು ವರ್ಷಕ್ಕೂ ಮೇಲೆ ಗೋದಾಮಿನಲ್ಲಿದ್ದ ಪೆಟ್ಟಿಗೆ. ಅಡಿಕೆ ಸಿಪ್ಪೆಯ ಧೂಳು ಬೆರಳು ದಪ್ಪ ಕೂತಿತ್ತು. ಔಟ್‌ಪುಟ್ ಟ್ರಾನ್ಸಿಸ್ಟರಿನ ಅಲ್ಯೂಮಿನಿಯಮ್ ತಗಡಿನ ಮೇಲೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ತಳದಲ್ಲಿ ಒಣಗಿದ ಒಂದು ಹಲ್ಲಿ, ಅದರ ಪಕ್ಕ ಹಲ್ಲಿಯ ಮೊಟ್ಟೆಯ ಚಿಪ್ಪುಗಳು. ಬಣ್ಣ ಬಳಿಯುವ ಮೆತ್ತನೆಯ ಬ್ರಷ್ಷಿನಿಂದ ಬಿಡಿಸಿ, ಸೈಕಲ್ ಪಂಪಿನಿಂದ ಗಾಳಿ ಊದಿ ಶುಚಿ ಮಾಡಿದೆ. ಟ್ಯೂಬಿನ ಕುತ್ತಿಗೆಯ ಸುತ್ತ ಬ್ರಷ್ ಆಡಿಸುವಾಗ ಮಾತ್ರ ಉಸಿರು ಬಿಗಿ ಹಿಡಿದಿದ್ದೆ.

ನಮ್ಮ ಹವೆಯಲ್ಲಿ ಟಿ.ವಿ.ಗಳ ಮೊದಲ ಶತ್ರು ತೇವ. ಮಳೆಗಾಲದಲ್ಲಿ ಸೆಟ್ಟು ಹಾಕಿದೊಡನೆ ಚಿರಚಿರ ಶಬ್ದ, ರಬ್ಬರ್ ಟೊಪ್ಪಿಯ ಸುತ್ತ ನೇರಳೆ ಬೆಳಕು, ಮಿಂಚಿನ ಸಮೀಪ ಬರುವಂಥ ಒಂದು ವಾಸನೆ, ಇವನ್ನು ಅನೇಕರು ನೋಡಿರಬಹುದು. ಧೂಳು ತೇವ ಹೀರಿದಾಗ ಆ 15,000 ವೋಲ್ಟು ಅದರ ಮೇಲೆ ಹರಿದಾಡುತ್ತದೆ. ಆಗ ಹೆಚ್ಚಿನವರು ಇ.ಎಚ್.ಟಿ. ಟ್ರಾನ್ಸ್‌ಫಾರ್ಮರ್ ಹೋಯಿತೆಂದು ದುಬಾರಿ ಬಾಬ್ತು ಬದಲಿಸುತ್ತಿದ್ದರು. ಎಷ್ಟೋ ವೇಳೆ ಬೇಕಾಗಿದ್ದದ್ದು ಒರೆಸುವುದು ಮತ್ತು ಒಣಗಿಸುವುದು. ನಾನು ಪೆಟ್ಟಿಗೆಯ ಪಕ್ಕ 40 ವಾಟಿನ ಬಲ್ಬು ಇಟ್ಟು, ಮೇಲೆ ಬಟ್ಟೆ ಹೊದಿಸಿ, ಮೂರು ದಿನ ಬೆಚ್ಚಗೆ ಬಿಟ್ಟೆ. ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟದಲ್ಲಿ ಇಡಬಹುದಲ್ಲ ಎಂದು ಭಾವ ಸೂಚಿಸಿದರು. ಹೊಗೆಯ ಮಸಿ ಧೂಳಿಗಿಂತ ಕೆಟ್ಟದ್ದು, ಅದು ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ.

ಬೋರ್ಡನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡುವಾಗ ಎರಡು ದೋಷ ತಾವಾಗಿಯೇ ಕಂಡವು. ಇ.ಎಚ್.ಟಿ. ಟ್ರಾನ್ಸ್‌ಫಾರ್ಮರಿನ ಕಾಲುಗಳ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ಉಂಗುರದ ಬಿರುಕು. ಭಾರವಾದ, ಬಿಸಿಯಾಗುವ ಭಾಗಗಳ ಕಾಲಿನಲ್ಲಿ ಇದು ಸಾಮಾನ್ಯ. ಬಿಸಿಯಾಗಿ ಹಿಗ್ಗಿ, ಆರಿ ಕುಗ್ಗಿ, ವರ್ಷಗಳ ಮೇಲೆ ಬೆಸುಗೆ ಬಿಟ್ಟುಕೊಳ್ಳುತ್ತದೆ. ಕಸಿ ಕಟ್ಟಿದ ಕಾಫಿ ಗಿಡದಲ್ಲಿ ಮೇಲುನೋಟಕ್ಕೆ ಕೂಡಿದಂತೆ ಕಂಡರೂ ಒಳಗೆ ರಸ ಹರಿಯದೆ ಇರುವುದುಂಟಲ್ಲ, ಹಾಗೆಯೇ. ಮೆಕ್ಯಾನಿಕ್ಕುಗಳು ಇದನ್ನು 'ಡ್ರೈ ಸಾಲ್ಡರ್' ಎನ್ನುತ್ತಾರೆ. ಟಿ.ವಿ.ಯ ತಲೆಗೆ ಬಡಿದರೆ ಚಿತ್ರ ಬರುವ ವಿದ್ಯೆಯ ಗುಟ್ಟು ಬಹುಪಾಲು ಇದೇ. ಹಳೆಯ ಬೆಸುಗೆಯನ್ನು ಹೀರಿ ತೆಗೆದು, 35 ವಾಟಿನ ಕಾಯಿಸುವ ಕಡ್ಡಿಯಿಂದ ಹೊಸದು ಹಾಕಿದೆ. ಅನುಮಾನ ಬಂದ ಕಾಲುಗಳಿಗೆಲ್ಲ, ಒಟ್ಟು ಮೂವತ್ತರ ಮೇಲೆ, ಹೀಗೆ ಮಾಡಿದೆ.

ಎರಡನೆಯದು, ಮುಖ್ಯ ಫಿಲ್ಟರ್ ಕೆಪಾಸಿಟರಿನ ತಲೆ ಉಬ್ಬಿತ್ತು. ಇದರ ಕೆಲಸ ನಮ್ಮ ತೋಟದ ನೀರಿನ ತೊಟ್ಟಿಯದ್ದು. ಪಂಪು ಬಿಟ್ಟುಬಿಟ್ಟು ನೀರು ಹಾಕಿದರೂ ತೊಟ್ಟಿಯಿಂದ ಒಂದೇ ಸಮನೆ ಹೊರಡುತ್ತದೆ. ಒಳಗಿನ ದ್ರಾವಣ ಒಣಗಿದರೆ ತೊಟ್ಟಿಯಲ್ಲಿ ಹೂಳು ತುಂಬಿದ ಹಾಗೆ. ನಿಲ್ಲುವ ನೀರು ಕಡಿಮೆ, ಹರಿವು ಜಗ್ಗುತ್ತದೆ. ಆಗ ಪರದೆಯ ಮೇಲೆ ಕಪ್ಪು ಪಟ್ಟಿ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ, ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ, ಚಿತ್ರದ ಅಂಚು ಹಾವಿನಂತೆ ಬಳುಕುತ್ತದೆ. ಪಟ್ಟಿ ಒಂದಿದ್ದರೆ ಒಂದು ಡಯೋಡಿನ ಸಪ್ಲೈ, ಎರಡಿದ್ದರೆ ನಾಲ್ಕು ಡಯೋಡಿನದು ಎಂದು ಮುಚ್ಚಳ ತೆಗೆಯದೆಯೇ ಊಹಿಸಬಹುದು. ಕೆಪಾಸಿಟರ್ ಕೊಳ್ಳುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟು ಹಳೆಯದಕ್ಕಿಂತ ಕಡಿಮೆ ಬೇಡ, ಹೆಚ್ಚಿದ್ದರೆ ತೊಂದರೆಯಿಲ್ಲ. 85 ಡಿಗ್ರಿಯದಕ್ಕಿಂತ 105 ಡಿಗ್ರಿ ಎಂದು ಬರೆದದ್ದು ಬಾಳುತ್ತದೆ. ಮೈನಸ್ ಗುರುತಿನ ಪಟ್ಟಿ ನೋಡಿ ಹಾಕಬೇಕು; ತಿರುಗಿ ಹಾಕಿದರೆ ಸಿಡಿಯುತ್ತದೆ. ಹಳೆಯದನ್ನು ಕೀಳುವ ಮುನ್ನ ಅದರಲ್ಲಿ ಉಳಿದಿರಬಹುದಾದ ವಿದ್ಯುತ್ತನ್ನು 15 ವಾಟಿನ ಬಲ್ಬಿನ ಎರಡು ತಂತಿ ಮುಟ್ಟಿಸಿ ಇಳಿಸಿ. ಸ್ಕ್ರೂಡ್ರೈವರ್ ಅಡ್ಡ ಹಿಡಿಯುವ ಪದ್ಧತಿ ಬೇಡ, ಲೋಹ ಕರಗಿ ಕಣ್ಣಿಗೆ ಹಾರುತ್ತದೆ.

ಸೀರೀಸ್ ಬಲ್ಬು

ವರ್ಷಗಟ್ಟಲೆ ಮಲಗಿದ್ದ ಸೆಟ್ಟನ್ನು ನೇರವಾಗಿ ಗೋಡೆಗೆ ಚುಚ್ಚಬಾರದು. ಹಳೆಯ ಮೆಕ್ಯಾನಿಕ್ಕುಗಳ ಬಳಿ ಒಂದು ಹಲಗೆ ಇರುತ್ತಿತ್ತು: ಒಂದು ಬಲ್ಬ್ ಹೋಲ್ಡರ್, ಒಂದು ಸಾಕೆಟ್ಟು. ಕರೆಂಟು ಬಲ್ಬಿನ ಮೂಲಕ ಹಾದು ಸೆಟ್ಟಿಗೆ ಹೋಗುತ್ತದೆ. ಇದಕ್ಕೆ 100 ವಾಟಿನ ಹಳೆಯ ತಂತಿ ಬಲ್ಬೇ ಬೇಕು, ಎಲ್.ಇ.ಡಿ. ನಡೆಯುವುದಿಲ್ಲ. ಅದನ್ನು ಹುಡುಕಲು ನಾನು ನಾಲ್ಕು ಅಂಗಡಿ ತಿರುಗಬೇಕಾಯಿತು. ಸ್ವಿಚ್ ಹಾಕಿದಾಗ ಬಲ್ಬು ಒಮ್ಮೆ ಪಳಕ್ಕನೆ ಹೊಳೆದು ಮಂಕಾದರೆ ಕ್ಷೇಮ. ಪೂರ್ಣ ಪ್ರಕಾಶದಲ್ಲಿ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ. ಬಲ್ಬು ಉರಿಯಿತೇ ಹೊರತು ಸೆಟ್ಟು ಸುಡಲಿಲ್ಲ. ಐದು ಕಾಸಿನ ಉಪಾಯವಾದರೂ ಅಟ್ಟದಿಂದ ಇಳಿಸಿದ ಯಾವ ಯಂತ್ರಕ್ಕೂ ಇದಕ್ಕಿಂತ ಉತ್ತಮ ಕಾವಲು ನಾನು ಕಂಡಿಲ್ಲ.

ನಮ್ಮ ಬಲ್ಬು ಹೊಳೆದು ಮಂಕಾಯಿತು. ಸ್ಪೀಕರಿನಲ್ಲಿ ಸಣ್ಣದಾಗಿ ಗರಗರ ಬಂತು. ಪರದೆ ಕತ್ತಲೆ. ಟ್ಯೂಬಿನ ಕುತ್ತಿಗೆಯೊಳಗೆ ಹೀಟರಿನ ಕೆಂಪು ಕಿಡಿ ಕಂಡಿತು. ಆ ಕೆಂಪು ಇದ್ದರೆ ಟ್ಯೂಬು ಇನ್ನೂ ಸತ್ತಿಲ್ಲವೆಂದು ಆಶೆ ಇಟ್ಟುಕೊಳ್ಳಬಹುದು. ಬಲ್ಬನ್ನು ತೆಗೆದು, ಸ್ಟೆಬಿಲೈಸರ್ ಮೂಲಕ ಪೂರ್ತಿ ವೋಲ್ಟೇಜ್ ಕೊಟ್ಟು ಕಾದೆ.

ಆಗ ಒಂದು ತಮಾಷೆ ನಡೆಯಿತು. ನಮ್ಮ ಟಿ.ವಿ. ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಎಂದರೆ ಸೆಕೆಂಡಿಗೆ 15,625 ಗೆರೆ ಎಳೆಯಬೇಕು. ಈ ಗೆರೆ ಎಳೆಯುವ ವಿಭಾಗ ಕೆಲಸ ಮಾಡುತ್ತಿದ್ದರೆ ಅದೇ ಕಂಪನದ ಸಣ್ಣ ಸಿಳ್ಳೆ ಹೊರಡುತ್ತದೆ. ನಾನು ಕಿವಿಯಿಟ್ಟು ಕೇಳಿದೆ. ಏನೂ ಇಲ್ಲ. ವಿಭಾಗವೇ ಸತ್ತಿದೆ ಎಂದು ತೀರ್ಮಾನಿಸಿ ಪ್ಲಗ್ ಕೀಳಲು ಹೊರಟಾಗ, ಬಾಗಿಲ ಬಳಿ ನಿಂತಿದ್ದ ಅಣ್ಣನ ಮೊಮ್ಮಗ, ಆರನೆ ತರಗತಿಯವನು, ಕಿವಿ ಮುಚ್ಚಿಕೊಂಡು, "ಅಜ್ಜ, ಅದು ಕೀ ಅಂತ ಕೂಗ್ತಾ ಇದೆ" ಎಂದ. ಅಷ್ಟು ಎತ್ತರದ ಶಬ್ದ ಐವತ್ತು ದಾಟಿದ ಕಿವಿಗೆ ಕೇಳಿಸುವುದಿಲ್ಲ. ಅಂದಿನಿಂದ ಅವನನ್ನೇ ಯಂತ್ರವನ್ನಾಗಿ ಬಳಸಿಕೊಂಡೆ. ಅವನು ನಿಲ್ಲಬೇಕಾದದ್ದು ಹೊಸಿಲಿನ ಆಚೆ, ಒಳಗೆ ಬರುವ ಹಾಗಿಲ್ಲ ಎಂಬ ಷರತ್ತಿನ ಮೇಲೆ.

ಒಂದು ನಿಮಿಷದ ಮೇಲೆ ಪರದೆಯ ನಡುವೆ ಬೆಳ್ಳನೆಯ ಒಂದು ಅಡ್ಡಗೆರೆ ಮೂಡಿತು. ಬರೀ ಗೆರೆ. ನನಗೆ ಎಷ್ಟು ಸಂತೋಷವಾಯಿತೆಂದರೆ, ತೋಟದಲ್ಲಿ ಸತ್ತಿತೆಂದು ಬಿಟ್ಟ ಗಿಡದಲ್ಲಿ ಚಿಗುರು ಕಂಡಷ್ಟು. ಗೆರೆ ಬಂತೆಂದರೆ ಟ್ಯೂಬು, ಇ.ಎಚ್.ಟಿ., ಅಡ್ಡಗೆರೆ ಎಳೆಯುವ ವಿಭಾಗ ಎಲ್ಲ ಸರಿ ಇವೆ. ಆ ಗೆರೆಗಳನ್ನು ಮೇಲಿನಿಂದ ಕೆಳಕ್ಕೆ ಹರಡುವ ವಿಭಾಗ ಮಾತ್ರ ನಿಂತಿದೆ. ಇಂಥ ಸ್ಥಿತಿಯಲ್ಲಿ ತಕ್ಷಣ ಬ್ರೈಟ್‌ನೆಸ್ ಇಳಿಸಬೇಕು, ಇಲ್ಲದಿದ್ದರೆ ಅಷ್ಟೂ ಬೆಳಕು ಒಂದೇ ಗೆರೆಯ ಮೇಲೆ ಬಿದ್ದು ಪರದೆಯ ಒಳಲೇಪ ಸುಟ್ಟು ಶಾಶ್ವತ ಕಲೆಯಾಗುತ್ತದೆ.

ಈ ವಿಭಾಗದಲ್ಲಿ ಐ.ಸಿ. ಹೋಗಿದ್ದರೆ ನನ್ನ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಮೊದಲು ಅಗ್ಗದ ಬಾಬ್ತನ್ನು ನೋಡೋಣವೆಂದು, ಟ್ಯೂಬಿನ ಕುತ್ತಿಗೆಯ ಮೇಲಿರುವ ಸುರುಳಿಗೆ ವಿದ್ಯುತ್ತು ಸಾಗಿಸುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನು ಕಿತ್ತೆ. 1000 ಮೈಕ್ರೋಫ್ಯಾರಡ್ ಎಂದು ಬರೆದಿತ್ತು. ಮೀಟರಿನಲ್ಲಿ ಏನೂ ತೋರಿಸಲಿಲ್ಲ. ಪೂರ್ತಿ ಒಣಗಿತ್ತು. ಹೊಸದಕ್ಕೆ ಶಿವಮೊಗ್ಗದಲ್ಲಿ ಕೊಟ್ಟದ್ದು 20 ರೂಪಾಯಿ. ಬಸ್ ಚಾರ್ಜು ಅದರ ಹಲವು ಪಟ್ಟು. ಹೋದದ್ದಕ್ಕೆ ಸಣ್ಣಪುಟ್ಟ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನೆಲ್ಲ ಒಂದೊಂದು ತಂದು ಹದಿನಾಲ್ಕನ್ನು ಬದಲಿಸಿಬಿಟ್ಟೆ. ಮೂವತ್ತು ನಲವತ್ತು ವರ್ಷದ ಸೆಟ್ಟಿನಲ್ಲಿ ದೋಷ ಹುಡುಕುವುದಕ್ಕಿಂತ ಇದು ಸುಲಭವೆಂದು ನನ್ನ ಅಭಿಪ್ರಾಯ. ಒಂದನ್ನು ತೆಗೆದು ಅಲ್ಲಿಯೇ ಹೊಸದನ್ನು ಹಾಕಿ ಮುಂದಿನದಕ್ಕೆ ಹೋಗಬೇಕು. ಎಲ್ಲ ಕಿತ್ತು ತಟ್ಟೆಯಲ್ಲಿ ಇಟ್ಟುಕೊಂಡರೆ ಕೆಟ್ಟಿರಿ.

ಮರುದಿನ ಸ್ವಿಚ್ ಹಾಕಿದಾಗ ಪರದೆ ತುಂಬ ಬೆಳಕು ಹರಡಿತು. ಮೇಲ್ಭಾಗ ತುಸು ಒತ್ತಿದಂತಿತ್ತು. ಹಿಂದಿನ ಪುಟ್ಟ ತಿರುಪುಗಳನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಹೊಂದಿಸಿದ್ದಾಯಿತು. ಮೊಮ್ಮಗನಿಗೆ ಆಶ್ಚರ್ಯವಾದದ್ದು ಪರದೆಯ ಮೇಲಿನ ಚುಕ್ಕೆಮಳೆ. ಅವನು ಹುಟ್ಟಿದ ಮೇಲೆ ಅದನ್ನು ನೋಡಿಯೇ ಇರಲಿಲ್ಲ.

ಹಿಡಿಯಲು ಅಲೆ ಎಲ್ಲಿದೆ?

ಇಷ್ಟಾದ ಮೇಲೆ ಹೊಸ ಸಮಸ್ಯೆ. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗಾರ್ಥವಾಗಿ ಶುರುವಾಗಿ, 1981ರಲ್ಲಿ ಬೆಂಗಳೂರಿಗೆ ಬಂದು, ಎಂಬತ್ತರ ದಶಕದಲ್ಲಿ ನಮ್ಮ ಗುಡ್ಡಗಳವರೆಗೆ ಹಬ್ಬಿದ ದೂರದರ್ಶನದ ಹಳೆಯ ಅನಲಾಗ್ ಪ್ರಸಾರ ಈಗಿಲ್ಲ. ಪ್ರಸಾರ ಭಾರತಿಯು ಆಯಕಟ್ಟಿನ ಕೆಲವನ್ನು ಬಿಟ್ಟು ಉಳಿದ ಟ್ರಾನ್ಸ್‌ಮಿಟರುಗಳನ್ನು 2022ರ ಹೊತ್ತಿಗೆ ನಿಲ್ಲಿಸಿತು. ಗುಡ್ಡದ ಮೇಲೆ ಎಷ್ಟು ಎತ್ತರದ ಅಡಿಕೆ ಮರ ನೆಟ್ಟರೂ ಚುಕ್ಕೆಮಳೆಯೇ ಗತಿ.

ದಾರಿ ಒಂದಿದೆ. ತಿಂಗಳ ಬಾಡಿಗೆಯಿಲ್ಲದ ಡಿ.ಡಿ. ಫ್ರೀ ಡಿಶ್ ಪೆಟ್ಟಿಗೆ ಅನೇಕರ ಮನೆಯಲ್ಲಿದೆ. ಅದರಲ್ಲಿ ಚಂದನ ವಾಹಿನಿಯೂ ಬರುತ್ತದೆ. ಆ ಪೆಟ್ಟಿಗೆಯ ಹಳದಿ, ಬಿಳಿ, ಕೆಂಪು ತೂತುಗಳಿಂದ ಹೊರಡುವ ಚಿತ್ರ-ಶಬ್ದವನ್ನು ಹಳೆಯ ಚಾನೆಲ್ಲಿನ ಅಲೆಯಾಗಿ ಪರಿವರ್ತಿಸುವ ಆರ್.ಎಫ್. ಮಾಡ್ಯುಲೇಟರ್ ಎಂಬ ಚಿಕ್ಕ ಡಬ್ಬಿ ಸಿಗುತ್ತದೆ. ಅದರ ತಂತಿಯನ್ನು ಟಿ.ವಿ.ಯ ಆಂಟೆನಾ ತೂತಿಗೆ ಕೊಟ್ಟು, ಕಟಕಟ ಎನ್ನುವ ಗುಂಡಿಯನ್ನು ಆ ಚಾನೆಲ್ಲಿಗೆ ತಿರುಗಿಸಿದರಾಯಿತು. ನಮ್ಮ ಸೆಟ್ಟಿಗೆ ಚಪ್ಪಟೆ ತಂತಿಯ ಕಾಲದ 300 ಓಮ್ ತೂತು. ಡಿಶ್ಶಿನ ಕೇಬಲ್ಲು 75 ಓಮ್. ನಡುವೆ ಬೇಲನ್ ಎಂಬ ಪುಟ್ಟ ಪರಿವರ್ತಕ ಹಾಕಬೇಕು.

ಇಲ್ಲಿ ಒಂದು ಎಚ್ಚರಿಕೆ. ಮಾಡ್ಯುಲೇಟರ್ ಯಾಕೆ, ಒಳಗಿನ ಬೋರ್ಡಿಗೇ ನೇರ ತಂತಿ ಬೆಸೆದರೆ ಚಿತ್ರ ಇನ್ನೂ ಸ್ಪಷ್ಟ ಎಂದು ಹೇಳುವವರಿದ್ದಾರೆ. ಚಿತ್ರ ಸ್ಪಷ್ಟವಾಗುವುದು ನಿಜ. ಆದರೆ ಮೇಲೆ ಹೇಳಿದ ಜೀವಂತ ಚಾಸಿಸ್ಸಿನ ಸೆಟ್ಟಿಗೆ ಹಾಗೆ ಮಾಡಿದರೆ, ಗೋಡೆಯ 230 ವೋಲ್ಟು ಡಿಶ್ ಪೆಟ್ಟಿಗೆಗೂ, ಅದರ ಕೇಬಲ್ಲಿಗೂ, ಮಾಡಿನ ಮೇಲಿನ ಡಿಶ್ಶಿಗೂ ಏರುತ್ತದೆ. ಮಳೆಯಲ್ಲಿ ಡಿಶ್ ತಿರುಗಿಸಲು ಹತ್ತಿದ ಹುಡುಗನ ಗತಿಯೇನು? ಆಂಟೆನಾ ತೂತಿನಲ್ಲಿ ತಯಾರಕರು ಸಣ್ಣ ಕೆಪಾಸಿಟರುಗಳನ್ನು ಅಡ್ಡ ಇಟ್ಟು ಈ ಅಪಾಯವನ್ನು ತಡೆದಿರುತ್ತಾರೆ. ಆ ಕೆಪಾಸಿಟರುಗಳು ಸರಿಯಾಗಿವೆಯೇ ಎಂದು ಮೀಟರಿನಲ್ಲಿ ನೋಡಿ ಆಮೇಲೆ ತಂತಿ ಕೊಡಿ. ಸಿಡಿಲಿನ ಕಾಲದಲ್ಲಿ ಪ್ಲಗ್ಗನ್ನೂ ಆಂಟೆನಾ ತಂತಿಯನ್ನೂ ಕೀಳುವುದು ಎಂದಿನಂತೆ.

ಟ್ಯೂಬು ವಯಸ್ಸಾಗಿದೆ. ಚಿತ್ರ ಪೂರ್ತಿ ಕಾಣಲು ಎರಡು ನಿಮಿಷ ಹಿಡಿಯುತ್ತದೆ, ಹಗಲಲ್ಲಿ ಕಿಟಕಿ ಮುಚ್ಚಬೇಕು. ಹೀಟರಿಗೆ ಸ್ವಲ್ಪ ಹೆಚ್ಚು ವೋಲ್ಟು ಕೊಟ್ಟು ಚುರುಕುಗೊಳಿಸುವ ಕ್ರಮ ಹಿಂದೆ ಇತ್ತು. ಕೊಳೆರೋಗ ಬಂದ ಮರಕ್ಕೆ ಗೊಬ್ಬರ ಸುರಿದಂತೆ. ಕೆಲವು ತಿಂಗಳು ಹೊಳೆದು ಬೇಗ ಹೋಗುತ್ತದೆ. ನಾನು ಮಾಡಲಿಲ್ಲ. ಇನ್ನೊಂದು ಟ್ಯೂಬು ಸಿಗುವ ಆಶೆಯಿಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬು ತಯಾರಾಗುತ್ತಿದ್ದ ದಿನಗಳು ಕಳೆದು ಬಹಳ ಕಾಲವಾಯಿತು.

ದುರಸ್ತಿಯಾಗದ ಸೆಟ್ಟುಗಳ ಬಗ್ಗೆ ಒಂದು ವಿಜ್ಞಾಪನೆ ಇದೆ. ಟ್ಯೂಬನ್ನು ಒಡೆದು ತೋಟದ ಬಸಿಗಾಲುವೆಗೋ ಕಾನಿನ ಹೊಂಡಕ್ಕೋ ಎಸೆಯಬೇಡಿ. ಒಳಗೆ ನಿರ್ವಾತವಿರುವುದರಿಂದ ಒಡೆದಾಗ ಗಾಜು ಸಿಡಿಯುತ್ತದೆ. ಗಾಜಿನಲ್ಲಿ ಸೀಸವಿದೆ, ಪರದೆಯ ಲೇಪದ ಪುಡಿಯೂ ಒಳ್ಳೆಯದಲ್ಲ. ನಾವು ಕುಡಿಯುವುದು ಅದೇ ಗುಡ್ಡದ ಅಬ್ಬಿ ನೀರು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ತಾಮ್ರಕ್ಕಾಗಿ ಸುರುಳಿ ಕಿತ್ತು ಉಳಿದದ್ದನ್ನು ಹಳ್ಳದ ಬದಿ ಬಿಟ್ಟು ಹೋಗುವ ಗುಜರಿಯವರಿಗೆ ಕೊಡಬಾರದು. ಸದಸ್ಯರು ಇಂಥವನ್ನು ಸಂಘಕ್ಕೆ ತಂದರೆ ಒಟ್ಟಾಗಿ ಕಳಿಸುವ ಏರ್ಪಾಡು ಮಾಡಬಹುದೆಂದು ಮುಂದಿನ ಸಭೆಯಲ್ಲಿ ಮಂಡಿಸುವವನಿದ್ದೇನೆ. ಬಣ್ಣದ ಸೆಟ್ಟಿನ ಮುಚ್ಚಳವನ್ನು, ಈ ಲೇಖನ ಓದಿದ ಧೈರ್ಯದ ಮೇಲೆ, ದಯವಿಟ್ಟು ಯಾರೂ ತೆಗೆಯಬೇಡಿ.

ಸೆಟ್ಟು ಸೆಪ್ಟೆಂಬರಿನಲ್ಲಿ ಸಂಘಕ್ಕೆ ವಾಪಸಾಯಿತು. ನಾಲ್ಕು ಜನ ಹೊತ್ತರು. ಅಡಿಕೆ ತೂಕಕ್ಕೆ ಸರದಿ ಕಾಯುವ ಹಾಲಿನಲ್ಲಿ ಅದರ ಹಳೆಯ ಮೊಳೆಯ ಗುರುತಿದ್ದ ಕಡೆಯೇ ಮೇಜು ಹಾಕಿ ಇಟ್ಟಿದ್ದೇವೆ. ಬಿಡಿಭಾಗ, ಮಾಡ್ಯುಲೇಟರ್, ಬೇಲನ್, ಬಸ್ ಚಾರ್ಜು ಸೇರಿ ಖರ್ಚು ಸಾವಿರದೊಳಗೆ. ನನ್ನದೇ ಆದ್ದರಿಂದ ವೋಚರ್ ಇಲ್ಲ. ಮೊದಲ ದಿನ ಚಂದನದಲ್ಲಿ ಕೃಷಿ ಕಾರ್ಯಕ್ರಮ ಬರುತ್ತಿತ್ತು. ಎಂಬತ್ತು ದಾಟಿದ ಹಿರಿಯ ಸದಸ್ಯರೊಬ್ಬರು ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಳಗೆ ಬಂದು, ಬೆಂಚಿನ ಗೋಡೆ ಬದಿಯ ತುದಿಯನ್ನು ತೋರಿಸಿ, "ನಿನ್ನ ಅಪ್ಪಯ್ಯ ಕೂರುತ್ತಿದ್ದದ್ದು ಇಲ್ಲಿ" ಎಂದರು. ನನಗೆ ಗೊತ್ತಿರಲಿಲ್ಲ. ಭಾನುವಾರಗಳಲ್ಲಿ ನಾನು ಅವರ ಜೊತೆ ಒಂದು ದಿನವೂ ಬಂದವನಲ್ಲ.

ರಿಜಿಸ್ಟರಿನಲ್ಲಿ 2003ರ ಷರಾದ ಕೆಳಗೆ 'ದುರಸ್ತಿಯಾಗಿ ಉಪಯೋಗದಲ್ಲಿದೆ' ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿದ್ದೇನೆ.